ಬೆಂಗಳೂರಿನಲ್ಲಿ ಕೂತು ತುಮಕೂರಿನ ಮನೆಯ ನೆಟ್‌ವರ್ಕ್‌ಗೆ: ವೈರ್‌ಗಾರ್ಡ್ ವಿಪಿಎನ್ ನೀವೇ ಹಾಕಿಕೊಳ್ಳುವ ಬಗೆ

ತುಮಕೂರಿನ ಮನೆಗೆ ಸಿಸಿಟಿವಿ ಹಾಕಲು ಬಂದವರು ಕೆಲಸ ಮುಗಿಸಿ ಹೊರಡುವ ಮುನ್ನ ರೂಟರ್‌ನಲ್ಲಿ 8000, 554 ಅಥವಾ 37777ನೇ ಪೋರ್ಟ್ (ಹೊರಗಿನಿಂದ ಒಳಬರುವ ಸಂಖ್ಯೆಯ ಬಾಗಿಲು) ತೆರೆದು, "ಇನ್ನು ಬೆಂಗಳೂರಿನಿಂದಲೂ ನೋಡ್ಕೋಬಹುದು" ಎಂದು ಮೊಬೈಲ್‌ನಲ್ಲಿ ತೋರಿಸಿ ಹೋಗುವುದುಂಟು. ಆ ಪೋರ್ಟ್ ನಿಮಗೊಬ್ಬರಿಗೇ ತೆರೆದಿರುವುದಿಲ್ಲ, ಇಡೀ ಇಂಟರ್ನೆಟ್‌ಗೆ ತೆರೆದಿರುತ್ತದೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ 60ಕ್ಕೂ ಹೆಚ್ಚು ಸಿದ್ಧ ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಹಾಕಿ ನೋಡಿಯೇ ಲಕ್ಷಾಂತರ ಕ್ಯಾಮೆರಾ, ಡಿವಿಆರ್ (ಕ್ಯಾಮೆರಾ ಚಿತ್ರ ದಾಖಲಿಸುವ ಪೆಟ್ಟಿಗೆ), ರೂಟರ್‌ಗಳನ್ನು ವಶಕ್ಕೆ ತೆಗೆದುಕೊಂಡಿತು. ಆ ವರ್ಷ ಅಕ್ಟೋಬರ್ 21ರಂದು ಡೈನ್ ಎಂಬ ಡಿಎನ್‌ಎಸ್ (ಜಾಲತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ) ಸಂಸ್ಥೆಯ ಮೇಲೆ ನಡೆದ ದಾಳಿಗೆ ಇಂಥ ಮನೆಮನೆಯ ಸಾಧನಗಳೇ ಬಳಕೆಯಾದವು.

ಹಾಗಾಗಿ ಇಲ್ಲಿ ನಾವು ಮಾಡುವುದಿಷ್ಟು: ಡಿವಿಆರ್, ಪ್ರಿಂಟರ್, ಫೋಟೋ ಇಟ್ಟ ಹಾರ್ಡ್ ಡಿಸ್ಕ್, ಯಾವುದನ್ನೂ ನೇರವಾಗಿ ಹೊರಗೆ ತೋರಿಸುವುದಿಲ್ಲ. ವೈರ್‌ಗಾರ್ಡ್ ಎಂಬ ವಿಪಿಎನ್‌ಗೆ, ಅಂದರೆ ಮನೆಗೆ ಬೀಗ ಹಾಕಿದ ಖಾಸಗಿ ದಾರಿ (ಟನಲ್) ಮಾಡುವ ಸಾಫ್ಟ್‌ವೇರ್‌ಗೆ, ಮಾತ್ರ ಒಂದೇ ಒಂದು ಯುಡಿಪಿ ಪೋರ್ಟ್ ಬಿಡುತ್ತೇವೆ. ಯುಡಿಪಿ, ಟಿಸಿಪಿ ಎಂಬವು ಡೇಟಾ ಕಳಿಸುವ ಎರಡು ವಿಧಾನ. 2020ರ ಮಾರ್ಚ್‌ನಲ್ಲಿ ಬಂದ ಲಿನಕ್ಸ್ ಕರ್ನಲ್ (ಆ ವ್ಯವಸ್ಥೆಯ ತಿರುಳು) 5.6ರಿಂದ ವೈರ್‌ಗಾರ್ಡ್ ಕರ್ನಲ್‌ನ ಒಳಗೇ ಇದೆ. ಸರಿಯಾದ ಕೀ ಇಲ್ಲದವರು ಪ್ಯಾಕೆಟ್ (ಡೇಟಾದ ತುಣುಕು) ಕಳಿಸಿದರೆ ಅದು "ಬೇಡ" ಎಂದೂ ಹೇಳುವುದಿಲ್ಲ, ಸುಮ್ಮನಿರುತ್ತದೆ. ಹೊರಗಿನಿಂದ ತಡಕಾಡುವವರಿಗೆ ಅಲ್ಲೊಂದು ಬಾಗಿಲಿದೆ ಎಂಬುದೇ ತಿಳಿಯುವುದಿಲ್ಲ.

ಸಾಮಾನು ಕೊಳ್ಳುವ ಮುಂಚೆ ಒಂದು ಪರೀಕ್ಷೆ

ಇದನ್ನು ಬಿಟ್ಟು ಮುಂದೆ ಹೋದವರು ಎರಡು ದಿನ ಕೀ, ಪೋರ್ಟ್ ಎಂದು ಒದ್ದಾಡಿ, ಕೊನೆಗೆ ತೊಂದರೆ ಅಲ್ಲಿರಲೇ ಇಲ್ಲ ಎಂದು ಕಂಡುಕೊಳ್ಳುತ್ತಾರೆ. ರೂಟರ್‌ನ ಪುಟ ತೆರೆದು ಸ್ಟೇಟಸ್ ವಿಭಾಗದಲ್ಲಿ ವ್ಯಾನ್ ಐಪಿ (ರೂಟರ್‌ನ ಹೊರಬದಿಯ ವಿಳಾಸ) ಎಂದಿರುವ ವಿಳಾಸ ಬರೆದುಕೊಳ್ಳಿ. ಅದೇ ವೈಫೈನಲ್ಲಿರುವ ಮೊಬೈಲ್‌ನಿಂದ ನಿಮ್ಮ ಐಪಿ ತೋರಿಸುವ ಯಾವುದಾದರೂ ಜಾಲತಾಣ ನೋಡಿ. ಎರಡೂ ಒಂದೇ ಇದ್ದರೆ ನಿಮಗೆ ಸಾರ್ವಜನಿಕ ವಿಳಾಸವಿದೆ, ದಾರಿ ಸಲೀಸು.

ವ್ಯಾನ್ ಐಪಿ 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ಅದು ಸಿಜಿನ್ಯಾಟ್. ಅಂದರೆ ಕಂಪನಿಯವರು ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದ್ದಾರೆ. ಹೊರಗಿನಿಂದ ಬಂದ ಪ್ಯಾಕೆಟ್ ಯಾವ ಮನೆಯದೆಂದು ಅವರ ಯಂತ್ರಕ್ಕೆ ಗೊತ್ತಾಗದು. ನಿಮ್ಮ ರೂಟರ್‌ನಲ್ಲಿ ಎಷ್ಟು ಪೋರ್ಟ್ ಫಾರ್ವರ್ಡ್ ಮಾಡಿದರೂ (ಹೊರಗಿನ ಪೋರ್ಟ್‌ಗೆ ಬಂದದ್ದನ್ನು ಒಳಗಿನ ಸಾಧನಕ್ಕೆ ದಾಟಿಸಿದರೂ) ಪ್ರಯೋಜನವಿಲ್ಲ. ವಿಳಾಸ 10, 192.168 ಅಥವಾ 172.16ರಿಂದ 172.31ರೊಳಗೆ ಇದ್ದರೆ ಎರಡು ಸಾಧ್ಯತೆ. ಫೈಬರ್ ಡಬ್ಬಿಯೇ ಒಂದು ರೂಟರ್ ಆಗಿ ಕೆಲಸ ಮಾಡುತ್ತಾ, ಅದರ ಹಿಂದೆ ನಿಮ್ಮ ಸ್ವಂತ ರೂಟರ್ ಕೂತಿರಬಹುದು. ಆಗ ಡಬ್ಬಿಯನ್ನು ಬ್ರಿಡ್ಜ್ ಮೋಡ್‌ಗೆ (ತಾನು ರೂಟರ್ ಆಗದೆ ಬರೀ ದಾಟಿಸುವ ಸ್ಥಿತಿಗೆ) ಹಾಕಿಸಿ, ಇಲ್ಲವೇ ಎರಡರಲ್ಲೂ ಪೋರ್ಟ್ ಫಾರ್ವರ್ಡ್ ಮಾಡಿ. ಅಥವಾ ಕೇಬಲ್ ಆಪರೇಟರ್ ಕಡೆಯಲ್ಲೇ ಹಂಚಿಕೆ ನಡೆದಿರಬಹುದು, ಅದು ಸಿಜಿನ್ಯಾಟ್‌ಗೆ ಸಮ.

ಸಿಜಿನ್ಯಾಟ್ ಇದ್ದವರು ಮೊದಲು ಆಪರೇಟರ್‌ಗೆ ಫೋನ್ ಮಾಡಿ "ಸ್ಟ್ಯಾಟಿಕ್ ಐಪಿ ಕೊಡ್ತೀರಾ, ತಿಂಗಳಿಗೆ ಎಷ್ಟು" ಎಂದು ಕೇಳಿ. ಅದು ಬದಲಾಗದ, ನಿಮ್ಮದೇ ಸಾರ್ವಜನಿಕ ವಿಳಾಸ. ಕೊಟ್ಟರೆ ತೆಗೆದುಕೊಳ್ಳುವುದೇ ಜಾಣತನ. ಕೊಡದಿದ್ದರೆ ಕೆಳಗೆ ಹೇಳುವ ಬಾಡಿಗೆ ಸರ್ವರ್‌ನ ದಾರಿ ಇದೆ. ಐಪಿವಿ6 ಎಂಬ ಹೊಸ ಬಗೆಯ ವಿಳಾಸದ ಮೂಲಕವೂ ಬರಬಹುದು, ಆದರೆ ರೂಟರ್‌ನ ಐಪಿವಿ6 ಫೈರ್‌ವಾಲ್‌ನಲ್ಲಿ ಒಳಬರುವ ಯುಡಿಪಿಗೆ ಅನುಮತಿ ಕೊಡಲು ಬರಬೇಕು, ನೀವು ಕೂತಿರುವ ಕಡೆಯೂ ಐಪಿವಿ6 ಇರಬೇಕು. ಮೊಬೈಲ್ ಡೇಟಾದಲ್ಲಿ ನಡೆದದ್ದು ಪಿಜಿಯ ವೈಫೈನಲ್ಲಿ ನಿಲ್ಲುವುದು ಇದೇ ಕಾರಣಕ್ಕೆ. ಇದೊಂದನ್ನೇ ನಂಬಿಕೊಳ್ಳುವುದು ಬೇಡ.

ಮನೆಯ ವಿಳಾಸಗಳನ್ನು ಬದಲಿಸಿ

ಹೆಚ್ಚಿನ ರೂಟರ್‌ಗಳು 192.168.0 ಅಥವಾ 192.168.1 ಸಾಲಿನ ವಿಳಾಸ ಹಂಚುತ್ತವೆ, ಜಿಯೋ ಫೈಬರ್‌ನವು 192.168.29. ನಿಮ್ಮ ಮನೆಯೂ ಪಿಜಿಯೂ ಎರಡೂ 192.168.1 ಆಗಿದ್ದರೆ, 192.168.1.20ರ ಡಿವಿಆರ್ ಬೇಕೆಂದಾಗ ನಿಮ್ಮ ಲ್ಯಾಪ್‌ಟಾಪ್ ಪಿಜಿಯಲ್ಲೇ ಹುಡುಕುತ್ತದೆ. ವಿಪಿಎನ್ ಹಸಿರು ದೀಪ ತೋರಿಸುತ್ತಿದ್ದರೂ ಡಿವಿಆರ್ ಸಿಗುವುದಿಲ್ಲ. ಆದ್ದರಿಂದ ಯಾರೂ ಬಳಸದ ಸಂಖ್ಯೆ ಆರಿಸಿ. ಈ ಬರಹದುದ್ದಕ್ಕೂ ಮನೆಗೆ 192.168.57.0/24, ವಿಪಿಎನ್‌ಗೆ 10.77.0.0/24 ಎಂದಿಟ್ಟುಕೊಳ್ಳೋಣ (/24 ಅಂದರೆ ಕೊನೆಯ ಅಂಕಿ ಮಾತ್ರ ಬದಲಾಗುವ ಇಡೀ ಸಾಲು, /32 ಅಂದರೆ ಒಂದೇ ವಿಳಾಸ). ರೂಟರ್ 192.168.57.1, ವಿಪಿಎನ್ ಯಂತ್ರ 192.168.57.10, ಡಿವಿಆರ್ 192.168.57.20.

ಬದಲಿಸುವ ಕ್ರಮ ಮುಖ್ಯ. ಡಿವಿಆರ್‌ಗೆ ಸ್ಥಿರ ವಿಳಾಸ ಕೂರಿಸಿದ್ದರೆ ಮೊದಲು ಟಿವಿ ಅಥವಾ ಮಾನಿಟರ್‌ಗೆ ಜೋಡಿಸಿ ಅದರ ಮೆನುವಿನಲ್ಲೇ ಹೊಸ ವಿಳಾಸ ಮತ್ತು ಗೇಟ್‌ವೇ (ರೂಟರ್‌ನ ಹೊಸ ವಿಳಾಸ) ಎರಡನ್ನೂ ಬರೆದು, ಆಮೇಲೆ ರೂಟರ್ ಬದಲಿಸಿ. ತಿರುಗುಮುರುಗಾದರೆ ಡಿವಿಆರ್ ಹಳೆಯ ವಿಳಾಸದಲ್ಲೇ ಉಳಿದು ನೆಟ್‌ವರ್ಕ್‌ನಿಂದ ಮಾಯವಾಗುತ್ತದೆ. ಇದೇ ಹೊತ್ತಿನಲ್ಲಿ ಹಳೆಯ ಪೋರ್ಟ್ ಫಾರ್ವರ್ಡ್‌ಗಳನ್ನು ಅಳಿಸಿ, ಯುಪಿಎನ್‌ಪಿ ಆಫ್ ಮಾಡಿ. ಅದು ಆನ್ ಇದ್ದರೆ ನೀವು ಅಳಿಸಿದ ಪೋರ್ಟನ್ನು ಡಿವಿಆರ್ ತಾನೇ ಮತ್ತೆ ತೆರೆಸಿಕೊಳ್ಳಬಹುದು.

ಯಾವ ಯಂತ್ರ

ರಾಸ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್, 2 ಜಿಬಿ ಮೆಮೊರಿಯದು ಧಾರಾಳ. ಜೊತೆಗೆ 5.1 ವೋಲ್ಟ್ 3 ಆಂಪಿಯರ್‌ನ ಅದರದೇ ಅಡಾಪ್ಟರ್, ಒಳ್ಳೆಯ ಕಂಪನಿಯ 32 ಜಿಬಿ ಮೈಕ್ರೊ ಎಸ್‌ಡಿ ಕಾರ್ಡ್, ರೂಟರ್‌ಗೆ ಜೋಡಿಸಲು ಲ್ಯಾನ್ ಕೇಬಲ್. ಮೊಬೈಲ್ ಚಾರ್ಜರ್ ಹಾಕಬೇಡಿ. ವೋಲ್ಟೇಜ್ ಕುಸಿದು ಪೈ ಎಲ್ಲೋ ಒಮ್ಮೆ ರೀಸ್ಟಾರ್ಟ್ ಆಗುತ್ತಿದ್ದರೆ ಕಾರಣ ಹುಡುಕುವುದು ಕಷ್ಟ. ವೈಫೈನಲ್ಲಿ ನಡೆಸುವುದೂ ಬೇಡ.

ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಇದ್ದರೆ ನನ್ನ ಮೊದಲ ಆಯ್ಕೆ ಅದೇ. ಡೆಬಿಯನ್ (ಲಿನಕ್ಸ್‌ನ ಒಂದು ಬಗೆ) ಹಾಕಿ, ಮುಚ್ಚಳ ಮುಚ್ಚಿದರೂ ನಿದ್ದೆಗೆ ಜಾರದಂತೆ ಮಾಡಿದರೆ ಸಾಕು, ಅದರ ಬ್ಯಾಟರಿಯೇ ಯುಪಿಎಸ್. ಮುಚ್ಚಳದ ಆ ಸೆಟ್ಟಿಂಗ್ ಲಾಗಿನ್‌ಡಿ.ಕಾನ್ಫ್ ಕಡತದಲ್ಲಿದೆ, ಹ್ಯಾಂಡಲ್‌ಲಿಡ್‌ಸ್ವಿಚ್ ಎಂಬ ಸಾಲಿಗೆ ಇಗ್ನೋರ್ ಎಂದು ಕೊಡಿ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಆ ಲ್ಯಾಪ್‌ಟಾಪ್ ಬೇಡ, ಹಗಲಿರುಳು ಚಾರ್ಜ್‌ನಲ್ಲಿರುವ ಉಬ್ಬಿದ ಬ್ಯಾಟರಿ ಬೆಂಕಿಗೆ ದಾರಿ.

ಕರೆಂಟ್ ಹೋದಾಗ ಪೈ ಒಂದೇ ಬದುಕಿದ್ದರೆ ಏನೂ ಆಗದು, ಫೈಬರ್ ಡಬ್ಬಿ ಮತ್ತು ರೂಟರ್ ಕೂಡ ಬದುಕಿರಬೇಕು. ಅವೆರಡಕ್ಕೂ ಸಾಮಾನ್ಯವಾಗಿ 12 ವೋಲ್ಟ್ ಬೇಕು (ಅಡಾಪ್ಟರ್ ಮೇಲೆ ಬರೆದಿರುತ್ತದೆ), ಪೈಗೆ 5 ವೋಲ್ಟ್. ರೂಟರ್ ಯುಪಿಎಸ್ ಕೊಳ್ಳುವಾಗ ಎರಡೂ ಬಗೆಯ ಔಟ್‌ಪುಟ್ ಇದೆಯೇ, 5 ವೋಲ್ಟ್‌ನಲ್ಲಿ 3 ಆಂಪಿಯರ್ ಕೊಡುತ್ತದೆಯೇ ನೋಡಿ. ಇನ್ವರ್ಟರ್ ಇರುವ ಮನೆಯಾದರೆ ಮೂರನ್ನೂ ಇನ್ವರ್ಟರ್ ಲೈನಿನ ಪಾಯಿಂಟ್‌ಗೇ ಹಾಕಿ.

ಸ್ಥಾಪನೆ

ಮೊದಲೊಂದು ಮಾತು: ಇಲ್ಲಿ ಕನ್ನಡದಲ್ಲಿ ಬರೆದ ಆದೇಶಗಳನ್ನು ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು. ಐಪಿಟೇಬಲ್ಸ್ ನಿಯಮದ ಸರಣಿ ಮತ್ತು ಕ್ರಿಯೆಯ ಹೆಸರುಗಳು ಮಾತ್ರ ದೊಡ್ಡಕ್ಷರಗಳಲ್ಲಿರಬೇಕು.

ರಾಸ್‌ಬೆರಿ ಪೈ ಇಮೇಜರ್‌ನಿಂದ 64 ಬಿಟ್‌ನ ಲೈಟ್ ಆವೃತ್ತಿಯನ್ನು ಕಾರ್ಡ್‌ಗೆ ಬರೆಯಿರಿ. ಬರೆಯುವ ಮುಂಚೆ ಬರುವ ಸೆಟ್ಟಿಂಗ್‌ನಲ್ಲಿ ಬಳಕೆದಾರ ಹೆಸರು ಕೊಟ್ಟು, ಎಸ್‌ಎಸ್‌ಎಚ್‌ಗೆ (ಬೇರೆ ಕಂಪ್ಯೂಟರ್‌ನಿಂದ ಪೈನ ಟರ್ಮಿನಲ್‌ಗೆ ಹೋಗುವ ದಾರಿ) ಪಾಸ್‌ವರ್ಡ್ ಬದಲು ಕೀ ಆರಿಸಿ. ಪೈ ಆನ್ ಆದ ಮೇಲೆ ರೂಟರ್‌ನ ಡಿಎಚ್‌ಸಿಪಿ (ವಿಳಾಸ ಹಂಚುವ) ಪುಟದಲ್ಲಿ ಅದರ ಮ್ಯಾಕ್ ವಿಳಾಸಕ್ಕೆ (ಯಂತ್ರದ ಗುರುತಿನ ಸಂಖ್ಯೆ) 192.168.57.10 ಕಾಯ್ದಿರಿಸಿ. ನಂತರ ಎಲ್ಲ ಪ್ಯಾಕೇಜ್ ಅಪ್‌ಡೇಟ್ ಮಾಡಿ, ಸುಡೋ ಆಪ್ಟ್ ಇನ್‌ಸ್ಟಾಲ್ ಎಂದು ವೈರ್‌ಗಾರ್ಡ್, ಐಪಿಟೇಬಲ್ಸ್, ಕ್ಯೂಆರ್‌ಎನ್‌ಕೋಡ್ ಈ ಮೂರನ್ನು ಹಾಕಿಕೊಳ್ಳಿ.

ಈಗ ಕೀಗಳು. ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ, ಮೊದಲು ಯುಮಾಸ್ಕ್ 077 ಕೊಡಿ, ಆಗ ಮುಂದೆ ಹುಟ್ಟುವ ಕಡತಗಳನ್ನು ಬೇರೆಯವರು ಓದಲಾಗದು. ಡಬ್ಲ್ಯುಜಿ ಜೆನ್‌ಕೀ ಖಾಸಗಿ ಕೀ ಕೊಡುತ್ತದೆ, ಅದನ್ನು ಡಬ್ಲ್ಯುಜಿ ಪಬ್‌ಕೀಗೆ ದಾಟಿಸಿದರೆ ಸಾರ್ವಜನಿಕ ಕೀ ಬರುತ್ತದೆ. ಸರ್ವರ್‌ಗೆ ಒಂದು ಜೋಡಿ, ಪ್ರತಿ ಫೋನ್‌ಗೆ, ಪ್ರತಿ ಲ್ಯಾಪ್‌ಟಾಪ್‌ಗೆ ಬೇರೆ ಬೇರೆ ಜೋಡಿ. ಕೀಯಲ್ಲಿ 44 ಅಕ್ಷರಗಳಿರುತ್ತವೆ, ಕೊನೆಯದು = ಚಿಹ್ನೆ. ಕಾಪಿ ಮಾಡುವಾಗ ಆ ಚಿಹ್ನೆ ಬಿಟ್ಟುಹೋಗುವುದು ಬಹಳ ಸಾಮಾನ್ಯ. ಇಬ್ಬರಿಗೂ ಒಂದೇ ಕೀ ಸಾಕಲ್ಲ ಎಂದು ಹಂಚಿಕೊಂಡರೆ, ಒಬ್ಬರು ಬಂದಾಗ ಇನ್ನೊಬ್ಬರು ಕಡಿದುಹೋಗುತ್ತಾರೆ. ಸರ್ವರ್‌ಗೆ ಒಂದು ಕೀ ಅಂದರೆ ಒಬ್ಬರೇ, ಅವರು ಕೊನೆಯದಾಗಿ ಕಂಡ ಜಾಗಕ್ಕೇ ಅದು ಉತ್ತರ ಕಳಿಸುತ್ತದೆ.

ಇಟಿಸಿ ಒಳಗಿನ ವೈರ್‌ಗಾರ್ಡ್ ಫೋಲ್ಡರ್‌ನಲ್ಲಿ ಡಬ್ಲ್ಯುಜಿ0.ಕಾನ್ಫ್ ಎಂಬ ಕಡತ ಮಾಡಿ. ಅದರ ಇಂಟರ್‌ಫೇಸ್ ಭಾಗದಲ್ಲಿ ಅಡ್ರೆಸ್ 10.77.0.1/24, ಲಿಸನ್‌ಪೋರ್ಟ್ 51820, ಪ್ರೈವೇಟ್‌ಕೀ ಎಂಬಲ್ಲಿ ಸರ್ವರ್‌ನ ಖಾಸಗಿ ಕೀ. ಆಮೇಲೆ ಪೋಸ್ಟ್‌ಅಪ್ ಸಾಲಿನಲ್ಲಿ ಐಪಿಟೇಬಲ್ಸ್‌ನ ಒಂದು ನಿಯಮ: ನ್ಯಾಟ್ ಟೇಬಲ್, ಪೋಸ್ಟ್‌ರೂಟಿಂಗ್ ಸರಣಿ, ಮೂಲ 10.77.0.0/24, ಹೊರಹೋಗುವ ಇಂಟರ್‌ಫೇಸ್ ಇಟಿಎಚ್0, ಕ್ರಿಯೆ ಮಾಸ್ಕರೇಡ್. ಅದೇ ನಿಯಮವನ್ನು ತೆಗೆಯುವ ರೂಪದಲ್ಲಿ ಪೋಸ್ಟ್‌ಡೌನ್ ಸಾಲಿನಲ್ಲೂ ಬರೆಯಿರಿ. ಲ್ಯಾಪ್‌ಟಾಪ್ ಆದರೆ ಇಂಟರ್‌ಫೇಸ್ ಹೆಸರು ಇಟಿಎಚ್0 ಇರುವುದಿಲ್ಲ, ಐಪಿ ಲಿಂಕ್ ಎಂದು ಕೇಳಿ ನೋಡಿ. ಸೇವ್‌ಕಾನ್ಫಿಗ್ ಎಂಬ ಸಾಲು ಮಾತ್ರ ಹಾಕಬೇಡಿ. ಅದಿದ್ದರೆ ನೀವು ಕೈಯಿಂದ ತಿದ್ದಿದ್ದನ್ನು ಟನಲ್ ನಿಲ್ಲುವಾಗ ಅಳಿಸಿ ಹಳೆಯದನ್ನೇ ಬರೆದುಬಿಡುತ್ತದೆ.

ಮಾಸ್ಕರೇಡ್ ಏಕೆ? ಅದಿಲ್ಲದಿದ್ದರೆ ಡಿವಿಆರ್‌ಗೆ 10.77.0.2ರಿಂದ ಪ್ಯಾಕೆಟ್ ಬರುತ್ತದೆ. ಉತ್ತರ ಎಲ್ಲಿಗೆ ಕಳಿಸಬೇಕೆಂದು ಅದು ರೂಟರ್‌ನ ಕೇಳುತ್ತದೆ, ರೂಟರ್‌ಗೂ ಆ ಊರು ಗೊತ್ತಿಲ್ಲ. ಮಾಸ್ಕರೇಡ್ ಇದ್ದಾಗ ಎಲ್ಲವೂ ಪೈನಿಂದಲೇ ಬಂದಂತೆ ಕಾಣುವುದರಿಂದ, ಗೇಟ್‌ವೇ ತಪ್ಪಾಗಿ ಬರೆದ ಡಿವಿಆರ್ ಕೂಡ ಉತ್ತರಿಸುತ್ತದೆ. ರೂಟರ್‌ನಲ್ಲಿ ಸ್ಟ್ಯಾಟಿಕ್ ರೂಟ್ ಬರೆಯುವ ಇನ್ನೊಂದು ವಿಧಾನವಿದೆ, ಆದರೆ ಆಪರೇಟರ್ ಕೊಡುವ ರೂಟರ್‌ಗಳಲ್ಲಿ ಎಷ್ಟೋ ಸಲ ಆ ಪುಟವೇ ಇರುವುದಿಲ್ಲ.

ಐಪಿ ಫಾರ್ವರ್ಡಿಂಗ್ ಆನ್ ಮಾಡಲು ಸಿಸ್‌ಸಿಟಿಎಲ್.ಡಿ ಫೋಲ್ಡರ್‌ನಲ್ಲಿ ಹೊಸ ಕಡತ ಮಾಡಿ ನೆಟ್.ಐಪಿವಿ4.ಐಪಿ_ಫಾರ್ವರ್ಡ್=1 ಎಂದು ಬರೆಯಿರಿ. ಟರ್ಮಿನಲ್‌ನಲ್ಲಿ ಬರೀ ಆದೇಶ ಕೊಟ್ಟರೆ ಮುಂದಿನ ರೀಸ್ಟಾರ್ಟ್‌ಗೆ ಹೋಗಿಬಿಡುತ್ತದೆ. ಅದೇ ಪೈನಲ್ಲಿ ಡಾಕರ್ ಎಂಬ ಸಾಫ್ಟ್‌ವೇರ್ ಇದ್ದರೆ ಅದು ಫಾರ್ವರ್ಡ್ ಸರಣಿಯನ್ನು ಡ್ರಾಪ್‌ಗೆ ಇಟ್ಟಿರುತ್ತದೆ, ಡಬ್ಲ್ಯುಜಿ0ಗೆ ಹೋಗಿಬರುವ ಎರಡೂ ದಿಕ್ಕಿಗೆ ಅನುಮತಿಯ ನಿಯಮ ಸೇರಿಸಬೇಕಾಗುತ್ತದೆ.

ಅದೇ ಡಬ್ಲ್ಯುಜಿ0.ಕಾನ್ಫ್‌ನಲ್ಲಿ ಪ್ರತಿ ಸಾಧನಕ್ಕೆ ಒಂದು ಪೀರ್ (ಎದುರು ತುದಿ) ಭಾಗ: ಅದರ ಸಾರ್ವಜನಿಕ ಕೀ, ಅಲೌಡ್‌ಐಪಿಸ್ 10.77.0.2/32. ಮುಂದಿನದಕ್ಕೆ 10.77.0.3/32. ಇಲ್ಲಿ /32 ಬದಲು ಇಬ್ಬರಿಗೂ 10.77.0.0/24 ಬರೆದರೆ ಆ ಸಾಲು ಕೊನೆಯವರ ಪಾಲಾಗುತ್ತದೆ, ಮೊದಲಿನವರಿಗೆ ಪ್ಯಾಕೆಟ್ ತಲುಪುವುದೇ ಇಲ್ಲ.

ಎಲ್ಲ ಮುಗಿದ ಮೇಲೆ ಸುಡೋ ಸಿಸ್ಟಮ್‌ಸಿಟಿಎಲ್ ಎನೇಬಲ್ --ನೌ ಡಬ್ಲ್ಯುಜಿ-ಕ್ವಿಕ್@ಡಬ್ಲ್ಯುಜಿ0. ಇನ್ನು ಕರೆಂಟ್ ಹೋಗಿ ಬಂದರೂ ತಾನೇ ಏಳುತ್ತದೆ.

ರೂಟರ್ ಮತ್ತು ಹೆಸರು

ಪೋರ್ಟ್ ಫಾರ್ವರ್ಡ್ ಪುಟದಲ್ಲಿ ಹೊರಗಿನ 51820ನ್ನು 192.168.57.10ರ 51820ಕ್ಕೆ ಕಳಿಸಿ, ಪ್ರೊಟೊಕಾಲ್ ಯುಡಿಪಿ. ಹಲವು ರೂಟರ್‌ಗಳಲ್ಲಿ ಟಿಸಿಪಿ ತಾನಾಗಿ ಆಯ್ಕೆಯಾಗಿರುತ್ತದೆ, ಎಲ್ಲರೂ ಎಡವುವುದು ಅಲ್ಲೇ. ಪೋರ್ಟ್ ತೆರೆದಿದೆಯೇ ಎಂದು ಹೇಳುವ ಜಾಲತಾಣಗಳು ಸಾಮಾನ್ಯವಾಗಿ ಟಿಸಿಪಿಯನ್ನಷ್ಟೇ ಪರೀಕ್ಷಿಸುತ್ತವೆ, ವೈರ್‌ಗಾರ್ಡ್ ಹೇಗೂ ಅಪರಿಚಿತರಿಗೆ ಉತ್ತರಿಸದು. "ಕ್ಲೋಸ್ಡ್" ಎಂದು ಬಂದರೆ ಗಾಬರಿಯಾಗಬೇಡಿ.

ಸ್ಟ್ಯಾಟಿಕ್ ಐಪಿ ಇಲ್ಲದಿದ್ದರೆ ಡಕ್‌ಡಿಎನ್‌ಎಸ್‌ನಂಥ ಉಚಿತ ಸೇವೆಯಲ್ಲಿ ಒಂದು ಹೆಸರು ಪಡೆದು, ಪೈನಲ್ಲಿ 5 ನಿಮಿಷಕ್ಕೊಮ್ಮೆ ವಿಳಾಸ ತಿಳಿಸುವ ಸಣ್ಣ ಸ್ಕ್ರಿಪ್ಟ್ ಓಡಿಸಿ. ವೈರ್‌ಗಾರ್ಡ್ ಆ ಹೆಸರನ್ನು ಟನಲ್ ಶುರುವಾಗುವಾಗ ಒಮ್ಮೆ ಮಾತ್ರ ವಿಳಾಸವಾಗಿ ಬಿಡಿಸಿಕೊಳ್ಳುತ್ತದೆ. ಮನೆಯ ವಿಳಾಸ ಬದಲಾದಾಗ ಫೋನ್‌ನಲ್ಲಿ ಒಮ್ಮೆ ಆಫ್ ಮಾಡಿ ಆನ್ ಮಾಡಬೇಕು.

ಫೋನ್

ಫೋನ್‌ಗೆ ಬೇಕಾದ ಕಡತವನ್ನೂ ಪೈನಲ್ಲೇ ಬರೆಯಿರಿ: ಅಡ್ರೆಸ್ 10.77.0.2/32, ಆ ಫೋನಿನ ಖಾಸಗಿ ಕೀ. ಪೀರ್ ಭಾಗದಲ್ಲಿ ಸರ್ವರ್‌ನ ಸಾರ್ವಜನಿಕ ಕೀ, ಎಂಡ್‌ಪಾಯಿಂಟ್ ಎಂಬಲ್ಲಿ ನಿಮ್ಮ ಹೆಸರು ಮತ್ತು :51820, ಅಲೌಡ್‌ಐಪಿಸ್ 10.77.0.0/24, 192.168.57.0/24. ಹೀಗೆ ಬರೆದರೆ ಮನೆಗೆ ಸಂಬಂಧಿಸಿದ್ದು ಮಾತ್ರ ಟನಲ್‌ನಲ್ಲಿ ಹೋಗುತ್ತದೆ, ಯೂಟ್ಯೂಬ್ ಎಂದಿನಂತೆ ನೇರ ಹೋಗುತ್ತದೆ. ಹೋಟೆಲ್ ವೈಫೈನಲ್ಲಿ ಎಲ್ಲವನ್ನೂ ಮನೆಯ ಮೂಲಕವೇ ಕಳಿಸಬೇಕೆಂದರೆ 0.0.0.0/0 ಎಂದು ಬರೆದ ಎರಡನೇ ಪ್ರೊಫೈಲ್ ಇಟ್ಟುಕೊಳ್ಳಿ, ಒಂದು ಸಲಕ್ಕೆ ಒಂದೇ ಪ್ರೊಫೈಲ್ ಆನ್ ಇರಲಿ. ಹೊರಗಿದ್ದಾಗ ನಿಮಗೆ ಸಿಗುವ ವೇಗ ಮನೆಯ ಅಪ್‌ಲೋಡ್ ವೇಗವನ್ನು ಮೀರದು ಎಂಬುದು ನೆನಪಿರಲಿ.

ಕ್ಯೂಆರ್‌ಎನ್‌ಕೋಡ್‌ನಿಂದ ಆ ಕಡತವನ್ನು ಟರ್ಮಿನಲ್‌ನಲ್ಲೇ ಕ್ಯೂಆರ್ ಆಗಿ ತೋರಿಸಿ, ಫೋನಿನ ವೈರ್‌ಗಾರ್ಡ್ ಆ್ಯಪ್‌ನಿಂದ ಸ್ಕ್ಯಾನ್ ಮಾಡಿ. ಆ ಕ್ಯೂಆರ್‌ನಲ್ಲಿ ಖಾಸಗಿ ಕೀ ಇದೆ. ದಯವಿಟ್ಟು ಫೋಟೋ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಡಿ, ಅದು ಫ್ಯಾಮಿಲಿ ಗ್ರೂಪಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಫೋನ್ ಕಳೆದುಹೋದರೆ ಸರ್ವರ್‌ನಲ್ಲಿ ಅದರ ಪೀರ್ ಭಾಗ ಅಳಿಸಿ ಟನಲ್ ರೀಸ್ಟಾರ್ಟ್ ಮಾಡಿ, ಉಳಿದವರಿಗೆ ಏನೂ ಬದಲಾಗದು.

ಕ್ಯಾಮೆರಾ ಮಾತ್ರ ನೋಡಬೇಕಾದ ಸಂಬಂಧಿಕರಿಗೆ ಕೊಡುವಾಗ, ಅವರ ಫೋನಿನ ಅಲೌಡ್‌ಐಪಿಸ್‌ನಲ್ಲಿ ಡಿವಿಆರ್ ವಿಳಾಸವೊಂದನ್ನೇ ಬರೆದರೆ ಸಾಲದು. ಅದನ್ನು ಅವರೇ ತಿದ್ದಬಹುದು. ತಡೆ ಸರ್ವರ್‌ನ ಫೈರ್‌ವಾಲ್‌ನಲ್ಲೇ ಇರಬೇಕು: 10.77.0.5ರಿಂದ 192.168.57.20ಕ್ಕೆ ಮಾತ್ರ ಫಾರ್ವರ್ಡ್, ಉಳಿದದ್ದು ಡ್ರಾಪ್. ಪೈಗೇ ಬರುವ ಪ್ಯಾಕೆಟ್‌ಗಳು ಫಾರ್ವರ್ಡ್ ಸರಣಿ ಹಾಯುವುದಿಲ್ಲವಾದ್ದರಿಂದ, ಇನ್‌ಪುಟ್ ಸರಣಿಯಲ್ಲೂ ಆ ವಿಳಾಸವನ್ನು ಡ್ರಾಪ್ ಮಾಡಿ.

ಪರೀಕ್ಷೆ, ಮತ್ತು ಎಲ್ಲಿ ಕೈಕೊಡುತ್ತದೆ

ಮನೆಯ ವೈಫೈನಲ್ಲೇ ಕೂತು ಪರೀಕ್ಷಿಸಬೇಡಿ. ಒಳಗಿನಿಂದ ತನ್ನದೇ ಹೊರವಿಳಾಸಕ್ಕೆ ಹೋಗಿ ತಿರುಗಿ ಬರುವುದು ಎಷ್ಟೋ ರೂಟರ್‌ಗಳಿಗೆ ಬರುವುದಿಲ್ಲ, ಎಲ್ಲ ಸರಿಯಿದ್ದರೂ ಸೋತಂತೆ ಕಾಣುತ್ತದೆ. ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ನೋಡಿ.

ಪೈನಲ್ಲಿ ಸುಡೋ ಡಬ್ಲ್ಯುಜಿ ಶೋ ಎಂದಾಗ ಆ ಪೀರ್‌ನ ಕೆಳಗೆ ಲೇಟೆಸ್ಟ್ ಹ್ಯಾಂಡ್‌ಶೇಕ್ ಎಂದು ಕೆಲವು ಸೆಕೆಂಡುಗಳ ಲೆಕ್ಕ ಬಂದರೆ ಬಾಗಿಲು ತೆರೆದಿದೆ. ಆ ಸಾಲೇ ಇಲ್ಲದಿದ್ದರೆ ತೊಂದರೆ ನಾಲ್ಕರಲ್ಲಿ ಒಂದು: ಸಿಜಿನ್ಯಾಟ್, ಯುಡಿಪಿ ಬದಲು ಟಿಸಿಪಿ, ಅದಲು ಬದಲಾದ ಕೀ, ಹಳೆಯ ವಿಳಾಸಕ್ಕೆ ಅಂಟಿಕೊಂಡ ಹೆಸರು. ಹ್ಯಾಂಡ್‌ಶೇಕ್ ಇದ್ದು 10.77.0.1ಕ್ಕೆ ಪಿಂಗ್ ಹೋಗಿ, 192.168.57.1ಕ್ಕೆ ಹೋಗದಿದ್ದರೆ ಫಾರ್ವರ್ಡಿಂಗ್ ಅಥವಾ ಮಾಸ್ಕರೇಡ್ ನೋಡಿ. ರೂಟರ್ ಸಿಕ್ಕಿ ಡಿವಿಆರ್ ಮಾತ್ರ ಸಿಗದಿದ್ದರೆ ಡಿವಿಆರ್‌ನ ವಿಳಾಸವೇ ತಪ್ಪಿರುತ್ತದೆ.

ಪಿಂಗ್ ಹೋಗುತ್ತದೆ, ಡಿವಿಆರ್‌ನ ಲಾಗಿನ್ ಪುಟ ಅರ್ಧ ಬಂದು ನಿಲ್ಲುತ್ತದೆ. ಇದು ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರದ ತೊಂದರೆ. ವೈರ್‌ಗಾರ್ಡ್ ಪ್ರತಿ ಪ್ಯಾಕೆಟ್‌ಗೆ ಐಪಿವಿ4ನಲ್ಲಿ 60 ಬೈಟ್, ಐಪಿವಿ6ನಲ್ಲಿ 80 ಬೈಟ್ ಸೇರಿಸುತ್ತದೆ. 1500ರಲ್ಲಿ 80 ಕಳೆದು 1420 ಎಂದು ಅದು ಲೆಕ್ಕ ಹಾಕಿಕೊಂಡಿರುತ್ತದೆ. ಪಿಪಿಪಿಒಇ (ರೂಟರ್‌ನಲ್ಲಿ ಹೆಸರು, ಪಾಸ್‌ವರ್ಡ್ ಹಾಕಿ ಸೇರುವ) ಸಂಪರ್ಕದಲ್ಲಿ ಸಿಗುವುದೇ 1492, ಮೊಬೈಲ್ ಜಾಲಗಳಲ್ಲಿ ಇನ್ನೂ ಕಡಿಮೆ ಇರಬಹುದು. ಸಣ್ಣ ಪ್ಯಾಕೆಟ್ ನುಸುಳುತ್ತವೆ, ದೊಡ್ಡವು ದಾರಿಯಲ್ಲೇ ಬೀಳುತ್ತವೆ. ಎರಡೂ ತುದಿಯ ಇಂಟರ್‌ಫೇಸ್ ಭಾಗದಲ್ಲಿ ಎಂಟಿಯು 1280 ಎಂದು ಬರೆದರೆ ಹೆಚ್ಚಿನ ಕಡೆ ಮುಗಿಯಿತು.

ಬೆಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿಬರುವವರಿಗೆ ಒಂದು ಸಮಾಧಾನ: ಕ್ಯಾತ್ಸಂದ್ರ ದಾಟಿ ಯಶವಂತಪುರದವರೆಗೆ ಟವರ್ ಬದಲಾಗಿ ಫೋನಿನ ವಿಳಾಸ ಎಷ್ಟು ಸಲ ಬದಲಾದರೂ ವೈರ್‌ಗಾರ್ಡ್ ಮತ್ತೆ ಲಾಗಿನ್ ಕೇಳುವುದಿಲ್ಲ. ಸರಿಯಾದ ಕೀಯಿಂದ ಬಂದ ಮುಂದಿನ ಪ್ಯಾಕೆಟ್ ಎಲ್ಲಿಂದ ಬಂತೋ ಅಲ್ಲಿಗೇ ಉತ್ತರ ಹೋಗುತ್ತದೆ.

ಸಿಜಿನ್ಯಾಟ್ ಇದ್ದವರ ದಾರಿ

ಮುಂಬೈ ಅಥವಾ ಬೆಂಗಳೂರಿನ ಡೇಟಾ ಸೆಂಟರ್‌ನಲ್ಲಿ ಅತಿ ಚಿಕ್ಕ ವಿಪಿಎಸ್ (ಮೇಲೆ ಹೇಳಿದ ಬಾಡಿಗೆ ಸರ್ವರ್) ಹಿಡಿಯಿರಿ, 512 ಎಂಬಿ ಮೆಮೊರಿ ಸಾಕು. ದೂರದ ದೇಶದ್ದು ಅಗ್ಗವಾಗಿ ಸಿಕ್ಕರೂ, ತುಮಕೂರಿನ ಚಿತ್ರ ಬೆಂಗಳೂರಿಗೆ ಸಮುದ್ರ ದಾಟಿ ಬರಬೇಕಾಗುತ್ತದೆ. ಈಗ 10.77.0.1 ವಿಪಿಎಸ್‌ನದು, ಪೈ 10.77.0.10. ವಿಪಿಎಸ್‌ನಲ್ಲಿ ಪೈನ ಪೀರ್‌ಗೆ ಅಲೌಡ್‌ಐಪಿಸ್ 10.77.0.10/32, 192.168.57.0/24 ಎರಡನ್ನೂ ಬರೆಯಿರಿ. ಎರಡನೆಯದು ಬಿಟ್ಟರೆ ಮನೆಯ ದಾರಿ ವಿಪಿಎಸ್‌ಗೆ ತಿಳಿಯದು. ಫಾರ್ವರ್ಡಿಂಗ್ ಎರಡೂ ಕಡೆ ಬೇಕು, ಮಾಸ್ಕರೇಡ್ ಪೈನಲ್ಲಿ. ವಿಪಿಎಸ್ ಕಂಪನಿಯ ಫೈರ್‌ವಾಲ್ ಪುಟದಲ್ಲೂ ಯುಡಿಪಿ 51820 ಬಿಡಿ. ಮನೆಯ ರೂಟರ್‌ನಲ್ಲಿ ಏನೂ ತೆರೆಯುವುದು ಬೇಡ.

ಪೈನ ಕಡತದಲ್ಲಿ ಎಂಡ್‌ಪಾಯಿಂಟ್ ವಿಪಿಎಸ್‌ನ ಅಂಕಿ ವಿಳಾಸ, ಅಲೌಡ್‌ಐಪಿಸ್ 10.77.0.0/24, ಪರ್ಸಿಸ್ಟೆಂಟ್‌ಕೀಪ್‌ಅಲೈವ್ 25. ಈ 25 ಸೆಕೆಂಡಿನ ಸಾಲು ಇಲ್ಲಿ ಕಡ್ಡಾಯ. ಸುಮ್ಮನಿದ್ದ ಸಂಪರ್ಕವನ್ನು ಸಿಜಿನ್ಯಾಟ್ ಮರೆತುಬಿಡುತ್ತದೆ, ಆಮೇಲೆ ಹೊರಗಿನಿಂದ ಪೈನ ಎಬ್ಬಿಸಲಾಗದು.

ಕರೆಂಟ್ ಹೋಗಿ ಬಂದಾಗ ಈ ದಾರಿಯಲ್ಲಿ ಒಂದು ವಿಚಿತ್ರ ತೊಡಕಿದೆ. ಪೈ 4ರಲ್ಲಿ ಬ್ಯಾಟರಿ ಗಡಿಯಾರವಿಲ್ಲ, ಎದ್ದಾಗ ಹಿಂದೆಂದೋ ಉಳಿಸಿಟ್ಟ ಸಮಯದಿಂದ ಶುರು ಮಾಡುತ್ತದೆ. ಹ್ಯಾಂಡ್‌ಶೇಕ್‌ನಲ್ಲಿ ಸಮಯದ ಮುದ್ರೆ ಇರುವುದರಿಂದ, ಹಿಂದಿನದಕ್ಕಿಂತ ಹಳೆಯ ಸಮಯ ಹೊತ್ತು ಬಂದದ್ದನ್ನು ವಿಪಿಎಸ್ ತಿರಸ್ಕರಿಸುತ್ತದೆ. ಎನ್‌ಟಿಪಿಯಿಂದ (ಇಂಟರ್ನೆಟ್‌ನಿಂದ ಸಮಯ ಪಡೆಯುವ ವಿಧಾನ) ಗಡಿಯಾರ ಸರಿಯಾದ ಮೇಲೆ ತಾನೇ ಜೋಡಣೆಯಾಗುತ್ತದೆ, ಸ್ವಲ್ಪ ಕಾಯಬೇಕು. ಆದರೆ ಪೈನ ಅಲೌಡ್‌ಐಪಿಸ್‌ನಲ್ಲಿ 0.0.0.0/0 ಬರೆದಿದ್ದರೆ ಸಮಯ ಕೇಳುವ ಪ್ಯಾಕೆಟ್ ಕೂಡ ಏಳದ ಟನಲ್‌ನೊಳಗೇ ಹೋಗಲು ನೋಡುತ್ತದೆ. ಟನಲ್‌ಗೆ ಸಮಯ ಬೇಕು, ಸಮಯಕ್ಕೆ ಟನಲ್ ಬೇಕು. ಅದಕ್ಕೇ ಪೈನಲ್ಲಿ 10.77.0.0/24 ಮಾತ್ರ ಇರಲಿ. ಪೈ 5ರಲ್ಲಿ ಗಡಿಯಾರವಿದೆ, ಅದರ ಪುಟ್ಟ ಬ್ಯಾಟರಿ ಬೇರೆ ಕೊಳ್ಳಬೇಕು.

ಇಲ್ಲಿ ಫೋನಿನ ಹ್ಯಾಂಡ್‌ಶೇಕ್ ನಡೆಯುವುದು ವಿಪಿಎಸ್ ಜೊತೆ. ಫೋನ್ ಹಸಿರು ತೋರಿಸಿದ ಮಾತ್ರಕ್ಕೆ ಮನೆ ಸಿಕ್ಕಿತೆಂದಲ್ಲ, 10.77.0.10ಕ್ಕೆ ಪಿಂಗ್ ಮಾಡಿ ನೋಡಿ. ಫೋನಿನಿಂದ ಬಂದದ್ದನ್ನು ವಿಪಿಎಸ್ ಬಿಡಿಸಿ ಮತ್ತೆ ಪೈಗಾಗಿ ಬೀಗ ಹಾಕುತ್ತದೆ, ಅಂದರೆ ನಡುವೆ ಅದು ಎಲ್ಲವನ್ನೂ ನೋಡಬಲ್ಲದು. ಆದ್ದರಿಂದ ಅದರಲ್ಲಿ ಪಾಸ್‌ವರ್ಡ್ ಲಾಗಿನ್ ಮುಚ್ಚಿ ಎಸ್‌ಎಸ್‌ಎಚ್ ಕೀ ಮಾತ್ರ ಇಡಿ, ಸುರಕ್ಷತಾ ಅಪ್‌ಡೇಟ್‌ಗಳು ತಾವಾಗಿ ಬರುವಂತೆ ಮಾಡಿ, ಬೇರೆ ಯಾವ ಸಾಫ್ಟ್‌ವೇರನ್ನೂ ಅದರಲ್ಲಿ ಓಡಿಸಬೇಡಿ. ಡೇಟಾ ಮಿತಿಯನ್ನೂ ಗಮನಿಸಿ: 2 ಎಂಬಿಪಿಎಸ್‌ನ ಒಂದು ಕ್ಯಾಮೆರಾ ಗಂಟೆಗೆ ಸುಮಾರು 0.9 ಜಿಬಿ, ವಿಪಿಎಸ್‌ಗೆ ಅದು ಒಳಗೂ ಹೊರಗೂ ಹಾಯುತ್ತದೆ. ಹೊರಗಿನಿಂದ ನೋಡುವಾಗ ಡಿವಿಆರ್‌ನ ಸಬ್ ಸ್ಟ್ರೀಮ್ (ಕಡಿಮೆ ಸ್ಪಷ್ಟತೆಯ ಚಿತ್ರ) ಆರಿಸಿದರೆ ಇದರ ಒಂದು ಭಾಗದಲ್ಲೇ ಮುಗಿಯುತ್ತದೆ.

ವಿಪಿಎನ್ ಕಾನೂನುಬದ್ಧವೇ ಎಂದು ಕೇಳುವವರಿದ್ದಾರೆ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ, ಗ್ರಾಹಕರ ವಿವರವನ್ನು 5 ವರ್ಷ ಇಟ್ಟುಕೊಳ್ಳಬೇಕೆಂದು ಹೇಳುವುದು ವಿಪಿಎನ್ ಮತ್ತು ವಿಪಿಎಸ್ ಸೇವೆ ಒದಗಿಸುವವರಿಗೆ. ನಿಮ್ಮ ಮನೆಗೆ ನೀವೇ ಹೋಗುವ ಟನಲ್ ಅಂಥ ಸೇವೆಯಲ್ಲ. ವಿಪಿಎಸ್ ಕಂಪನಿ ಹೆಸರು, ವಿಳಾಸ ಕೇಳಿದರೆ ಸರಿಯಾದದ್ದನ್ನೇ ಕೊಡಿ.

ಆಮೇಲೆ

ವೈರ್‌ಗಾರ್ಡ್ ಫೋಲ್ಡರ್‌ನ ಪ್ರತಿಯನ್ನು ಪಾಸ್‌ವರ್ಡ್ ಹಾಕಿದ ಕಡತವಾಗಿ ಪೆನ್‌ಡ್ರೈವ್‌ನಲ್ಲಿ ಇಡಿ. ಪದೇಪದೇ ಕರೆಂಟ್ ಕಡಿದರೆ ಎಸ್‌ಡಿ ಕಾರ್ಡ್ ಒಂದು ದಿನ ಕೆಡುತ್ತದೆ, ಆ ಪ್ರತಿ ಇದ್ದರೆ ಹೊಸ ಕಾರ್ಡ್‌ಗೆ ಅರ್ಧ ಗಂಟೆಯ ಕೆಲಸ, ಇಲ್ಲದಿದ್ದರೆ ಎಲ್ಲರ ಫೋನಿಗೂ ಮತ್ತೆ ಕೀ ಮಾಡಬೇಕು. ಇನ್ನೊಂದು ಎಸ್‌ಡಿ ಕಾರ್ಡ್‌ಗೆ ಇಡೀ ವ್ಯವಸ್ಥೆಯನ್ನು ಈಗಲೇ ನಕಲು ಮಾಡಿ, ಪೈ ಪಕ್ಕದಲ್ಲೇ ಅಂಟಿಸಿಡಿ. ರೂಟರ್, ಫೈಬರ್ ಡಬ್ಬಿ, ಪೈ ಮೂರರ ಅಡಾಪ್ಟರ್‌ಗಳ ಮೇಲೂ ಕನ್ನಡದಲ್ಲಿ ಹೆಸರು ಬರೆದ ಚೀಟಿ ಹಚ್ಚಿ. ಫೋನಿನಲ್ಲಿ ಅಮ್ಮನಿಗೆ "‘ಪೈ’ ಅಂತ ಬರ್ದಿರೋದನ್ನ ಒಂದ್ಸಲ ಆಫ್ ಮಾಡಿ ಆನ್ ಮಾಡಮ್ಮ" ಎಂದರೆ ಅವರು ತಪ್ಪಿಲ್ಲದೆ ಮಾಡುವಂತಿರಬೇಕು.